ರಾಜಕುಮಾರನಿಗೆ ಕೊಟ್ಟ ಒಂದು ಗಂಟೆ: ‘ಪ್ರಿನ್ಸ್ ಆಫ್ ಪರ್ಷಿಯಾ’ ಸರಣಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ರಾಯಚೂರಿನಲ್ಲಿ ಬಹಳ ವರ್ಷ ಕಂಪ್ಯೂಟರ್ ಪಾಠ ಹೇಳಿದ್ದೇನೆ. ಹಳೆಯ ವಿದ್ಯಾರ್ಥಿಗಳು ತೀನ್ ಕಂದಿಲ್ ಬಳಿಯೋ ರೈಲ್ವೆ ಸ್ಟೇಷನ್ನಿನಲ್ಲೋ ಸಿಕ್ಕಾಗ, ಕುಶಲ ಪ್ರಶ್ನೆ ಮುಗಿಯುತ್ತಿದ್ದಂತೆ ‘ಪ್ರಿನ್ಸ್’ ಆಟದ ಮಾತು ಬಂದೇ ಬರುತ್ತದೆ. ಮಾನ್ವಿ, ಸಿಂಧನೂರು, ಲಿಂಗಸುಗೂರಿನಿಂದ ಬರುವ ಪತ್ರಗಳಲ್ಲಿಯೂ ಅದೇ ವಿಷಯ ಮರಳಿ ಮರಳಿ ಕಾಣಿಸುತ್ತದೆ. ಅವರು ಕೇಳಿದ ಪ್ರಶ್ನೆಗಳನ್ನು ಆದಷ್ಟೂ ಅವರ ಮಾತಿನಲ್ಲೇ ಇಟ್ಟು, ಆಟವನ್ನು ಒಮ್ಮೆಯೂ ಆಡದವರಿಂದ ಹಿಡಿದು ಸ್ವತಃ ಹಂತಗಳನ್ನು ಕಟ್ಟಬಯಸುವವರ ತನಕ ಎಲ್ಲರಿಗೂ ಒದಗುವಂತೆ ಇಲ್ಲಿ ಉತ್ತರಿಸಿದ್ದೇನೆ.

## ಮೊದಲ ಪರಿಚಯ

ಸರ್, ಬಿಳಿ ಬಟ್ಟೆಯ ಹುಡುಗ ನೆಲಮಾಳಿಗೆಯಲ್ಲಿ ಓಡಿ ಗುಂಡಿ ಜಿಗಿಯುತ್ತಿದ್ದ ಆ ಆಟ ಯಾವುದು?

ಅದು ‘ಪ್ರಿನ್ಸ್ ಆಫ್ ಪರ್ಷಿಯಾ’. ಅಮೆರಿಕದ ಜೋರ್ಡನ್ ಮೆಕ್ನರ್ ಅದನ್ನು ಆಪಲ್ 2 ಕಂಪ್ಯೂಟರಿಗಾಗಿ ರಚಿಸಿದರು, ಬ್ರೋಡರ್‌ಬಂಡ್ ಎಂಬ ಸಂಸ್ಥೆ 1989ರಲ್ಲಿ ಪ್ರಕಟಿಸಿತು. ನಮ್ಮ ಕಡೆಯ ಬಹುತೇಕ ಜನರು ನೋಡಿದ್ದು 1990ರಲ್ಲಿ ಬಂದ ಡಾಸ್ ಆವೃತ್ತಿಯನ್ನು. (ಡಾಸ್ ಎಂದರೆ ವಿಂಡೋಸ್‌ಗೆ ಮುಂಚೆ ಕಂಪ್ಯೂಟರುಗಳನ್ನು ನಡೆಸುತ್ತಿದ್ದ ವ್ಯವಸ್ಥೆ.) ಕಥೆ ಸರಳವಾದುದು. ಸುಲ್ತಾನನು ಯುದ್ಧಕ್ಕೆ ಹೋಗಿರುವಾಗ ಅವನ ವಜೀರ ಜಾಫರ್ ಅಧಿಕಾರ ಕಸಿದುಕೊಂಡು, ತನ್ನನ್ನು ಮದುವೆಯಾಗಬೇಕು, ಇಲ್ಲವೇ ಸಾಯಬೇಕು ಎಂದು ರಾಜಕುಮಾರಿಗೆ ಗಡುವು ವಿಧಿಸುತ್ತಾನೆ. ಅವಳು ಮೆಚ್ಚಿದ ಯುವಕ, ಅಂದರೆ ನಮ್ಮ ‘ರಾಜಕುಮಾರ’, ಸೆರೆಮನೆಯಲ್ಲಿದ್ದಾನೆ. ಅವನು ಅಲ್ಲಿಂದ ಹೊರಟು, ಕತ್ತಿ ಹುಡುಕಿಕೊಂಡು, 60 ನಿಮಿಷಗಳೊಳಗೆ ಅರಮನೆಯ ಗೋಪುರವನ್ನು ಮುಟ್ಟಬೇಕು. ಎಷ್ಟು ಸಲ ಸತ್ತರೂ ಆ ಹಂತದ ಆರಂಭದಿಂದ ಮತ್ತೆ ಆಡಬಹುದು, ಆದರೆ ಕಳೆದ ಸಮಯ ಮಾತ್ರ ಮರಳುವುದಿಲ್ಲ. ಈ ಒಂದು ನಿಯಮವೇ ಆಟದ ಜೀವ ಎಂದು ನಾನು ನಂಬಿದ್ದೇನೆ. ಸರಣಿಯ ಏಳುಬೀಳುಗಳನ್ನು ಅಳೆಯುವಾಗಲೂ ಇದೇ ಅಳತೆಗೋಲನ್ನು ಬಳಸಿದ್ದೇನೆ.

ಇದು ನಿಜವಾದ ಪರ್ಷಿಯಾದ ಇತಿಹಾಸವೇ? ನಮ್ಮೂರಿಗೂ ಪರ್ಷಿಯಾಕ್ಕೂ ಏನಾದರೂ ನಂಟಿದೆಯೇ?

ಇತಿಹಾಸವಲ್ಲ. ಅರೇಬಿಯನ್ ರಾತ್ರಿಗಳ ಕಥೆಗಳಿಂದಲೂ ಹಳೆಯ ಸಾಹಸ ಚಿತ್ರಗಳಿಂದಲೂ ಪ್ರೇರಣೆ ಪಡೆದ ಕಲ್ಪನೆ ಅದು. ಆದರೆ ನಂಟಿನ ಪ್ರಶ್ನೆ ನನಗೆ ಬಹಳ ಪ್ರಿಯವಾದದ್ದು. ರಾಯಚೂರಿನ ಕೋಟೆ ಬಹಮನಿ ಸುಲ್ತಾನರ ಮತ್ತು ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿ ಬಹುಕಾಲ ಇತ್ತು, ಆ ಆಸ್ಥಾನಗಳಲ್ಲಿ ಪರ್ಷಿಯನ್ ಭಾಷೆಗೆ ದೊಡ್ಡ ಸ್ಥಾನವಿತ್ತು. ನಾವು ಮೆಕ್ಕಾ ದರ್ವಾಜಾ, ನೌರಂಗಿ ದರ್ವಾಜಾ ಎನ್ನುವಾಗಿನ ‘ದರ್ವಾಜಾ’ ಆ ಭಾಷೆಯದೇ ಪದ. ದರ್ಬಾರು, ಖಜಾನೆ, ಬಜಾರು, ಮೈದಾನ ಇವೆಲ್ಲ ಅದೇ ದಾರಿಯಲ್ಲಿ ಕನ್ನಡಕ್ಕೆ ಬಂದು ನೆಲೆಸಿದವು. ತುಂಗಭದ್ರೆಯಾಚೆಯ ವಿಜಯನಗರಕ್ಕೆ 1443ರಲ್ಲಿ ಅಬ್ದುರ್ ರಜಾಕ್ ಎಂಬ ರಾಯಭಾರಿ ಹೆರಾತಿನ ಆಸ್ಥಾನದಿಂದ ಬಂದು, ಕಂಡದ್ದನ್ನು ಪರ್ಷಿಯನ್ನಿನಲ್ಲಿ ಬರೆದಿಟ್ಟ. ಕಲ್ಲಿನ ಕಮಾನು, ಕಂದಕ, ಮೇಲೆಳೆಯುವ ಬಾಗಿಲುಗಳಿದ್ದ ಆ ಆಟವನ್ನು ಮೊದಲು ಕಂಡಾಗ ನಮ್ಮ ಮಕ್ಕಳಿಗೆ ಅದು ಪರದೇಶದ್ದೆನಿಸದಿದ್ದರೆ ಆಶ್ಚರ್ಯವೇನಿಲ್ಲ. ಶಾಲೆ ಬಿಟ್ಟ ಮೇಲೆ ಅವರು ಹತ್ತಿ ಇಳಿಯುತ್ತಿದ್ದದ್ದೂ ಅಂಥದೇ ಕೋಟೆಯನ್ನು.

ಒಬ್ಬನೇ ಮನುಷ್ಯ ಮಾಡಿದ್ದು ನಿಜವೇ? ಆಟದೊಳಗಿನ ಹುಡುಗ ಜೀವಂತ ಮನುಷ್ಯನಂತೆ ಹೇಗೆ ಓಡುತ್ತಿದ್ದ?

ಆಪಲ್ 2 ಆವೃತ್ತಿಯ ವಿನ್ಯಾಸ, ಪ್ರೋಗ್ರಾಂ, ಚಿತ್ರಗಳು ಬಹುಮಟ್ಟಿಗೆ ಒಬ್ಬರದೇ, ಸಂಗೀತ ಮಾತ್ರ ಅವರ ತಂದೆ ಫ್ರಾನ್ಸಿಸ್ ಮೆಕ್ನರ್ ಅವರದು. ಅದಕ್ಕೂ ಮೊದಲು, ಯೇಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವಾಗಲೇ ಜೋರ್ಡನ್ ‘ಕರಾಟೆಕಾ’ ಎಂಬ ಆಟ ಮಾಡಿ 1984ರಲ್ಲಿ ಹೆಸರು ಪಡೆದಿದ್ದರು.

ಓಟದ ಗುಟ್ಟು ಹೀಗಿದೆ. 1985ರಲ್ಲಿ ಅವರು ತಮ್ಮ ಕಿರಿಯ ಸಹೋದರ ಡೇವಿಡ್‌ಗೆ ಬಿಳಿ ಬಟ್ಟೆ ತೊಡಿಸಿ, ಒಂದು ವಾಹನ ನಿಲುಗಡೆಯ ಜಾಗದಲ್ಲಿ ಓಡಿಸಿ, ಜಿಗಿಸಿ, ಗೋಡೆ ಹತ್ತಿಸಿ ವಿಡಿಯೊ ಮಾಡಿಕೊಂಡರು. ಆ ವಿಡಿಯೊವನ್ನು ಒಂದೊಂದೇ ಚೌಕಟ್ಟಿನಲ್ಲಿ ನಿಲ್ಲಿಸಿ, ಟಿ.ವಿ. ಪರದೆಯ ಫೋಟೊ ತೆಗೆದು, ಆಕೃತಿಯ ಅಂಚನ್ನು ಕೈಯಿಂದ ತಿದ್ದಿ, ಕಂಪ್ಯೂಟರಿಗೆ ಇಳಿಸಿದರು. ಈ ವಿಧಾನಕ್ಕೆ ರೋಟೊಸ್ಕೋಪಿಂಗ್ ಎಂದು ಹೆಸರು. ಕತ್ತಿವರಸೆಗೆ 1938ರ ರಾಬಿನ್ ಹುಡ್ ಚಿತ್ರದ ಕೊನೆಯ ದ್ವಂದ್ವಯುದ್ಧವನ್ನು ಆಧಾರವಾಗಿಟ್ಟುಕೊಂಡರು. ಡಾಸ್ ಆವೃತ್ತಿಯಲ್ಲಿ ಸೆಕೆಂಡಿಗೆ ಕೇವಲ 12 ಚೌಕಟ್ಟುಗಳು ಓಡುತ್ತವೆ. ಆದರೂ ಆ ದೇಹಕ್ಕೆ ಭಾರವಿದೆ. ಓಡುವವನು ಥಟ್ಟನೆ ನಿಲ್ಲಲಾರ, ಒಂದು ಹೆಜ್ಜೆ ಜಾರಿಯೇ ನಿಲ್ಲುತ್ತಾನೆ. ಜಿಗಿದ ಮೇಲೆ ಗಾಳಿಯಲ್ಲಿ ದಿಕ್ಕು ಬದಲಿಸಲಾರ. ಕೀಲಿ ಒತ್ತುವ ಮುನ್ನ ಯೋಚಿಸಬೇಕಾದ ಆಟವಿದು, ಒತ್ತಿದ ಮೇಲೆ ಯೋಚಿಸಿ ಪ್ರಯೋಜನವಿಲ್ಲ.

‘ಪ್ರಿನ್ಸ್ ಮೆಗಾಹಿಟ್’ ಎಂದು ಟೈಪ್ ಮಾಡುತ್ತಿದ್ದೆವಲ್ಲ, ಅದು ಏನು?

ಡಾಸ್ ಆವೃತ್ತಿಯನ್ನು ಆರಂಭಿಸುವಾಗ ಆಟದ ಹೆಸರಿನ ಮುಂದೆ ಆ ಪದವನ್ನು ಸೇರಿಸಿದರೆ, ಪರೀಕ್ಷೆಗೆಂದು ಒಳಗಿಟ್ಟಿದ್ದ ಗುಪ್ತ ಸೌಲಭ್ಯಗಳು ತೆರೆಯುತ್ತಿದ್ದವು. ಹಂತ ದಾಟಬಹುದಿತ್ತು, ಉಳಿದ ಪ್ರಾಣವನ್ನು ಪರದೆಯಲ್ಲಿ ತೋರಿಸುವ ತ್ರಿಕೋನಗಳನ್ನು ಹೆಚ್ಚಿಸಿಕೊಳ್ಳಬಹುದಿತ್ತು, ಸಮಯವನ್ನೂ ಸೇರಿಸಿಕೊಳ್ಳಬಹುದಿತ್ತು.

ಕನ್ನಡಿಯಿಂದ ಹೊರಬಂದ ಆ ನೆರಳು ಮನುಷ್ಯ ಯಾರು? ಅವನನ್ನು ಹೊಡೆದರೆ ನನ್ನ ಪ್ರಾಣವೇ ಏಕೆ ಹೋಗುತ್ತದೆ?

ನನಗೆ ಬಂದ ಪ್ರಶ್ನೆಗಳಲ್ಲೆಲ್ಲ ಇದಕ್ಕೇ ಮೊದಲ ಸ್ಥಾನ ಕೊಡುತ್ತೇನೆ.

ನಾಲ್ಕನೆಯ ಹಂತದ ಕೊನೆಗೆ ದಾರಿಗಡ್ಡವಾಗಿ ಒಂದು ಕನ್ನಡಿ ಪ್ರತ್ಯಕ್ಷವಾಗುತ್ತದೆ. ಬೇರೆ ದಾರಿಯಿಲ್ಲದೆ ಓಡಿ ಬಂದು ಅದರೊಳಗಿಂದ ಜಿಗಿದಾಗ, ರಾಜಕುಮಾರನ ಪ್ರಾಣಶಕ್ತಿಯನ್ನು ಬಹುತೇಕ ಹೀರಿಕೊಂಡ ಪ್ರತಿಬಿಂಬವೊಂದು ಎದುರು ದಿಕ್ಕಿಗೆ ಹಾರಿ ಓಡಿಹೋಗುತ್ತದೆ. ಐದನೆಯ ಹಂತದಲ್ಲಿ ಅದು ನಾವು ಕುಡಿಯಬೇಕಾದ ಔಷಧವನ್ನು ನಮ್ಮ ಕಣ್ಣೆದುರೇ ಕುಡಿದುಬಿಡುತ್ತದೆ. ಆರನೆಯದರಲ್ಲಿ ಬಾಗಿಲು ಮುಚ್ಚಿ ನಮ್ಮನ್ನು ಪ್ರಪಾತಕ್ಕೆ ಬೀಳಿಸುತ್ತದೆ. ಹನ್ನೆರಡನೆಯ ಹಂತದಲ್ಲಿ ಕತ್ತಿ ಹಿಡಿದು ಎದುರಿಗೆ ನಿಲ್ಲುತ್ತದೆ, ಅಲ್ಲಿ ನಾವು ಕೊಡುವ ಪ್ರತಿ ಏಟೂ ನಮಗೇ ತಗಲುತ್ತದೆ. ಕತ್ತಿಯನ್ನು ಒರೆಗೆ ಸೇರಿಸಿ ಅವನ ಕಡೆಗೆ ನಡೆದರೆ ಇಬ್ಬರೂ ಒಂದಾಗುತ್ತಾರೆ, ಆಗ ಮಾತ್ರ ಮುಂದಿನ ದಾರಿ ತೆರೆಯುತ್ತದೆ. ಇದನ್ನು ಯಾವ ಸೂಚನೆಯೂ ಹೇಳಿಕೊಡುವುದಿಲ್ಲ. ನಮ್ಮ ತರಬೇತಿ ಕೇಂದ್ರದಲ್ಲಿ ಹುಡುಗನೊಬ್ಬ ವಾರಗಟ್ಟಲೆ ಹೋರಾಡಿ ಸೋತು, ಬೇಸರದಿಂದ ಕತ್ತಿ ಕೆಳಗಿಳಿಸಿದಾಗ ಆ ಮಿಲನ ನಡೆದುಹೋಯಿತು. ಅವನು ಕುರ್ಚಿಯಿಂದ ಎದ್ದು ನಿಂತದ್ದು ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಈ ನೆರಳು ಹುಟ್ಟಿದ್ದು ಬಡತನದಿಂದ, ಅಂದರೆ ಕಂಪ್ಯೂಟರಿನ ಸ್ಮರಣೆಯ ಬಡತನದಿಂದ. ಮೆಕ್ನರ್ ಮೊದಲು ಶತ್ರುಗಳೇ ಇಲ್ಲದ ಆಟವನ್ನು ಯೋಚಿಸಿದ್ದರು. ಹೋರಾಟವಿಲ್ಲದೆ ಆಟ ಸಪ್ಪೆಯಾಗುತ್ತದೆ ಎಂದು ಸಹೋದ್ಯೋಗಿ ಟೋಮಿ ಪಿಯರ್ಸ್ ಒತ್ತಾಯಿಸಿದರು. ಆದರೆ ಇನ್ನೊಂದು ಪಾತ್ರದ ಚಿತ್ರಗಳಿಗೆ ಯಂತ್ರದಲ್ಲಿ ಜಾಗ ಉಳಿದಿರಲಿಲ್ಲ. ರಾಜಕುಮಾರನ ಚಿತ್ರಗಳನ್ನೇ ತುಸು ಸರಿಸಿ ಅವುಗಳ ಮೇಲೆಯೇ ಒಂದು ಗಣಿತಕ್ರಿಯೆ ನಡೆಸಿದಾಗ, ಹೊಳೆಯುವ ಭೂತದಂಥ ಆಕೃತಿಯೊಂದು ಹೆಚ್ಚುವರಿ ಖರ್ಚಿಲ್ಲದೆ ಮೂಡಿಬಂತು. ಅದೇ ಈ ನೆರಳು ಮನುಷ್ಯ. ಮುಂದೆ ಕೋಡನ್ನು ಬಿಗಿಗೊಳಿಸಿ ಜಾಗ ಮಾಡಿಕೊಂಡ ಮೇಲೆ ಕಾವಲುಗಾರರೂ ಬಂದರು.

## ಏಳುಬೀಳು

ಇಷ್ಟು ಹೆಸರು ಮಾಡಿದ ಆಟ ನಡುವೆ ಎಲ್ಲಿ ಮಾಯವಾಯಿತು?

ಮೊದಲಿಗೆ ಅದು ಹೆಸರು ಮಾಡಿರಲೇ ಇಲ್ಲ. 1989ರ ಹೊತ್ತಿಗೆ ಆಪಲ್ 2 ಯಂತ್ರದ ಕಾಲ ಮುಗಿಯುತ್ತ ಬಂದಿದ್ದರಿಂದ ಮಾರಾಟ ಮಂದವಾಗಿತ್ತು. ಜಪಾನ್ ಮತ್ತು ಯುರೋಪಿನಲ್ಲಿ ಬೇರೆ ಬೇರೆ ಯಂತ್ರಗಳಿಗೆ ಇಳಿದ ಮೇಲೆ, 1992ರ ಮ್ಯಾಕಿಂಟೋಶ್ ಆವೃತ್ತಿಯ ಹೊತ್ತಿಗೆ, ಅದು ನಿಜವಾಗಿ ಬೆಳಗಿತು. 1993ರಲ್ಲಿ ಎರಡನೆಯ ಭಾಗ ‘ದಿ ಶ್ಯಾಡೊ ಆ್ಯಂಡ್ ದಿ ಫ್ಲೇಮ್’ ಬಂದಿತು. ಚಿತ್ರಗಳು ಸಿರಿವಂತವಾದವು, ಶತ್ರುಗಳು ಗುಂಪುಗುಂಪಾಗಿ ಬಂದರು.

ಮೊದಲ ದೊಡ್ಡ ಕುಸಿತ 1999ರದು. ಜಗತ್ತೆಲ್ಲ ಮೂರು ಆಯಾಮಗಳತ್ತ ಓಡುತ್ತಿದ್ದ ಕಾಲದಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯಾ 3ಡಿ’ ದೋಷಗಳನ್ನು ಹೊತ್ತೇ ಮಾರುಕಟ್ಟೆಗೆ ಬಂದಿತು. ಕ್ಯಾಮೆರಾ ದಾರಿ ತಪ್ಪಿಸುತ್ತಿತ್ತು, ನಿಯಂತ್ರಣ ಒರಟಾಗಿತ್ತು. ಅದಕ್ಕೆ ಮುಂಚೆಯೇ, 1998ರಲ್ಲಿ, ಬ್ರೋಡರ್‌ಬಂಡ್ ಸಂಸ್ಥೆ ಬೇರೊಬ್ಬರ ಕೈಸೇರಿತ್ತು. ಮನೆಯ ಯಜಮಾನ ಬದಲಾಗುತ್ತಿರುವಾಗ ಮಗುವಿನ ಅಳು ಯಾರಿಗೂ ಕೇಳಿಸದು. ಜಿಗಿಯುವ ದೂರವನ್ನು ಕಣ್ಣಳತೆಯಲ್ಲಿ ನಂಬಲಾಗದಿದ್ದರೆ ಈ ಆಟದಲ್ಲಿ ಏನೂ ಉಳಿಯುವುದಿಲ್ಲ. ಸಮತಲ ಪರದೆಯಲ್ಲಿ ಇದ್ದ ಆ ನಂಬಿಕೆಯನ್ನು ಮೂರು ಆಯಾಮಕ್ಕೆ ದಾಟಿಸುವುದು ಅವರಿಂದ ಆಗಲಿಲ್ಲ.

‘ಸ್ಯಾಂಡ್ಸ್ ಆಫ್ ಟೈಮ್’ ಆಟವನ್ನು ಎಲ್ಲರೂ ಏಕೆ ಅಷ್ಟು ಹೊಗಳುತ್ತಾರೆ?

ಅದು ಹೊಗಳಿಕೆಗೆ ಅರ್ಹವಾದದ್ದರಿಂದ. ಮೂಲ ಹಕ್ಕು ಮೆಕ್ನರ್ ಅವರಲ್ಲಿಯೇ ಉಳಿದಿತ್ತು. 2001ರಲ್ಲಿ ಫ್ರಾನ್ಸಿನ ಯುಬಿಸಾಫ್ಟ್ ಸಂಸ್ಥೆ ಅವರೊಂದಿಗೆ ಒಪ್ಪಂದ ಮಾಡಿಕೊಂಡಿತು, ಅವರೇ ಕಥೆ ಬರೆದರು. ಕೆನಡಾದ ಮಾಂಟ್ರಿಯಲ್ ಸ್ಟುಡಿಯೊದಲ್ಲಿ ಪತ್ರೀಸ್ ದೆಸಿಲೆ ಅವರ ಮುಂದಾಳತ್ವದಲ್ಲಿ ಆಟ ರೂಪುಗೊಂಡು 2003ರ ಕೊನೆಗೆ ಬಂದಿತು. ರಾಜಕುಮಾರ ಗೋಡೆಯ ಮೇಲೆ ಓಡಿದ, ಕಂಬದಿಂದ ಕಂಬಕ್ಕೆ ಹಾರಿದ, ಕಾಲದ ಮರಳು ತುಂಬಿದ ಕಠಾರಿ ಹಿಡಿದು ಕೆಲವು ಕ್ಷಣಗಳನ್ನು ಹಿಂದಕ್ಕೆ ತಿರುಗಿಸಿದ.

ಮೊದಲ ಆಟದಲ್ಲಿ ಕಾಲವು ಕರುಣೆಯಿಲ್ಲದ ಯಜಮಾನ. ಇಲ್ಲಿ ಕಾಲವು ಅಳತೆಯಿಟ್ಟು ಕೊಟ್ಟ ಸಾಲ, ಕಠಾರಿಯಲ್ಲಿ ಮರಳು ಇರುವಷ್ಟೇ ಸಲ ಹಿಂದಿರುಗಬಹುದು. ನಿಯಮ ತಲೆಕೆಳಗಾದರೂ ಕಾಲದ ಬೆಲೆ ಕಡಿಮೆಯಾಗಲಿಲ್ಲ. ಕಥೆಯೂ ಅದಕ್ಕೆ ತಕ್ಕಂತಿದೆ. ಇಡೀ ಆಟವನ್ನು ರಾಜಕುಮಾರನೇ ನಿರೂಪಿಸುತ್ತಾನೆ, ನಾವು ಸತ್ತರೆ ‘ಹಾಗಲ್ಲ, ಹಾಗೆ ನಡೆಯಲಿಲ್ಲ’ ಎನ್ನುವ ಅರ್ಥದಲ್ಲಿ ತನ್ನನ್ನು ತಾನೇ ತಿದ್ದಿಕೊಳ್ಳುತ್ತಾನೆ. ನಮ್ಮ ಓದುಗರು ಮರೆತಿರಬಹುದಾದ ಇನ್ನೊಂದು ಸಂಗತಿಯಿದೆ. ಆ ಕಥೆ ತೊಡಗುವುದು ಭಾರತದ ಒಬ್ಬ ಮಹಾರಾಜನ ಅರಮನೆಯ ಮೇಲೆ ನಡೆದ ದಾಳಿಯಿಂದ, ನಾಯಕಿ ಫರಾ ಆ ಮಹಾರಾಜನ ಮಗಳು. ಗೆದ್ದ ಸೈನ್ಯದ ರಾಜಕುಮಾರ ತಾನು ಲೂಟಿಮಾಡಿದ ಮನೆಯ ಹೆಣ್ಣುಮಗಳ ಜೊತೆಗೂಡಿ ತನ್ನದೇ ತಪ್ಪನ್ನು ಸರಿಪಡಿಸಬೇಕಾಗುತ್ತದೆ. ನೆರಳು ಮನುಷ್ಯನ ಕಥೆಗೂ ಇದಕ್ಕೂ ಒಳಗಿನ ಎಳೆ ಒಂದೇ.

ನನಗೆ ‘ವಾರಿಯರ್ ವಿದಿನ್’ ಬಹಳ ಇಷ್ಟ. ಅದನ್ನು ಅವನತಿ ಎನ್ನುವುದು ಸರಿಯೇ?

ಪೂರ್ತಿ ಸರಿಯಲ್ಲ. 2004ರ ಆ ಆಟದ ಹೋರಾಟ ಹಿಂದಿನದಕ್ಕಿಂತ ಚುರುಕಾಗಿದೆ, ಬೆನ್ನಟ್ಟಿ ಬರುವ ದಹಾಕ ಎಂಬ ದೈತ್ಯನ ಭಯ ನಿಜವಾದದ್ದು. ವಿಧಿ ಬರೆದಿಟ್ಟ ಸಾವಿನಿಂದ ಓಡುವವನ ಕಥೆಯೂ ಕಾಲದ ಕಥೆಯೇ. ಆದರೆ ಅಂದಿನ ಮಾರುಕಟ್ಟೆಯ ರುಚಿಗೆ ಹೊಂದಿಸಲು ರಾಜಕುಮಾರನ ಮುಖದಿಂದ ನಗು ತೆಗೆದು ಸಿಟ್ಟು ಬಳಿದರು, ಹಿನ್ನೆಲೆಗೆ ಅಬ್ಬರದ ‘ಮೆಟಲ್’ ರಾಕ್ ಸಂಗೀತ ತುಂಬಿದರು. ಮೆಕ್ನರ್ ಅವರೇ ಆ ಬದಲಾವಣೆಯನ್ನು ಒಪ್ಪಲಿಲ್ಲ. ನನ್ನ ತೀರ್ಮಾನವೂ ಅದೇ: ಆಟದ ಕೌಶಲ ಮೇಲೇರಿತು, ಗುರುತು ಮಸುಕಾಯಿತು. 2005ರ ‘ದಿ ಟು ಥ್ರೋನ್ಸ್’ ಬಾಬಿಲೋನಿಗೆ ಮರಳಿ, ನಾಯಕನೊಳಗೊಬ್ಬ ಕಪ್ಪು ರಾಜಕುಮಾರನನ್ನು ಇಟ್ಟು, ಕಳೆದುಹೋದದ್ದನ್ನು ಒಂದಿಷ್ಟು ಹಿಂದಕ್ಕೆ ತಂದಿತು.

‘ಅಸ್ಯಾಸಿನ್ಸ್ ಕ್ರೀಡ್’ ಬಂದು ‘ಪ್ರಿನ್ಸ್’ ಅನ್ನು ನುಂಗಿತು ಎನ್ನುತ್ತಾರೆ. ಅದು ಹೇಗೆ?

ಈ ಮಾತಿನಲ್ಲಿ ಹುರುಳಿದೆ. ‘ಸ್ಯಾಂಡ್ಸ್ ಆಫ್ ಟೈಮ್’ ಮುಗಿಸಿದ ತಂಡದ ಹಲವರು ಮುಂದಿನ ಪೀಳಿಗೆಯ ಯಂತ್ರಗಳಿಗಾಗಿ ಹೊಸ ‘ಪ್ರಿನ್ಸ್’ ಒಂದನ್ನು ಆರಂಭಿಸಿದರು. ಆ ಯೋಜನೆಗೆ ‘ಪ್ರಿನ್ಸ್ ಆಫ್ ಪರ್ಷಿಯಾ: ಅಸ್ಯಾಸಿನ್ಸ್’ ಎಂಬ ಹೆಸರಿತ್ತು. ಆಡುವವನು ರಾಜಕುಮಾರನಾಗಿರದೆ ಅವನನ್ನು ಕಾಯುವ ಹಂತಕನಾಗಿದ್ದ. ಹೆಸರಿನಲ್ಲಿ ರಾಜಕುಮಾರನಿದ್ದು ಆಟದಲ್ಲಿ ಅವನು ನಾಯಕನಲ್ಲದಿರುವುದನ್ನು ಸಂಸ್ಥೆ ಒಪ್ಪಲಿಲ್ಲವಾದ್ದರಿಂದ ಅದು ಬೇರೆಯೇ ಆಟವಾಗಿ, 2007ರಲ್ಲಿ ‘ಅಸ್ಯಾಸಿನ್ಸ್ ಕ್ರೀಡ್’ ಎಂಬ ಹೆಸರಿನಿಂದ ಹೊರಬಂದಿತು.

ಅದರ ಗೆಲುವು ಎಷ್ಟು ದೊಡ್ಡದಾಯಿತೆಂದರೆ, ಗೋಡೆ ಹತ್ತುವ, ಛಾವಣಿ ಹಾರುವ ಕಲೆಯ ಹೊಸ ಮನೆ ಅದೇ ಆಯಿತು. ಒಂದೇ ಸಂಸ್ಥೆಯಲ್ಲಿ ಒಂದೇ ಬಗೆಯ ಎರಡು ಸರಣಿಗಳಿದ್ದಾಗ, ಹಣವೂ ಹಿರಿಯ ತಂತ್ರಜ್ಞರೂ ಹೆಚ್ಚು ಗಳಿಸುವ ಸರಣಿಯ ಕಡೆಗೇ ಸರಿಯುತ್ತಾರೆ. ಎಡದಂಡೆ ಕಾಲುವೆಯ ಮೇಲ್ಭಾಗದವರು ನೀರು ತಿರುಗಿಸಿಕೊಂಡರೆ ಕೊನೆಯ ಹಳ್ಳಿಗೆ ತೇವವೂ ಮುಟ್ಟದು ಎಂಬುದನ್ನು ನಮ್ಮ ಜಿಲ್ಲೆಯ ರೈತರಿಗೆ ಯಾರೂ ವಿವರಿಸಬೇಕಾಗಿಲ್ಲ. ಹಾಗೆಯೇ ರಾಜಕುಮಾರ ಕೊನೆಯ ಹಳ್ಳಿಯವನಾದ. ಆದರೆ ಆ ಆಟಗಳಲ್ಲಿ ಒಂದು ಗುಂಡಿ ಒತ್ತಿಹಿಡಿದರೆ ನಾಯಕ ತಾನೇ ಹತ್ತುತ್ತಾನೆ. ತಪ್ಪು ಜಿಗಿತಕ್ಕೆ ತೆರಬೇಕಾದ ಬೆಲೆ ಅಲ್ಲಿ ಬಹಳ ಕಡಿಮೆ. ಆದ್ದರಿಂದ ಮಗ ತಂದೆಯ ಜಾಗವನ್ನು ತುಂಬಿದ ಎಂದು ನಾನು ಒಪ್ಪಲಾರೆ.

2008ರ ಆಟ ಮತ್ತು 2010ರ ಸಿನಿಮಾ ಏನಾದವು?

2008ರಲ್ಲಿ ಕಥೆಯನ್ನು ಹೊಸದಾಗಿ ಆರಂಭಿಸಿದರು. ಚಿತ್ರಕಲೆಯಂಥ ಬಣ್ಣಗಳು, ಎಲಿಕಾ ಎಂಬ ಜೊತೆಗಾತಿ. ನಾವು ಬಿದ್ದಾಗಲೆಲ್ಲ ಅವಳು ಕೈಹಿಡಿದು ಮೇಲೆತ್ತುತ್ತಿದ್ದಳು, ಸಾವೆಂಬುದೇ ಇರಲಿಲ್ಲ. ಸುಂದರವಾದ ಆಟ, ಆದರೆ ಬೀಳುವ ಭಯ ಹೋದ ಮೇಲೆ ಜಿಗಿತದ ಹಿಗ್ಗೂ ಕುಗ್ಗಿತು. ಅದರ ಕಥೆಯನ್ನು ಮುಂದಿನ ಭಾಗಕ್ಕಾಗಿ ಅರ್ಧಕ್ಕೆ ನಿಲ್ಲಿಸಿದ್ದರು, ಆ ಭಾಗ ಬರಲೇ ಇಲ್ಲ. 2010ರ ‘ದಿ ಫರ್ಗಾಟನ್ ಸ್ಯಾಂಡ್ಸ್’ ಹಳೆಯ ಕಥೆಯ ನಡುವಿನ ಕೊಂಡಿಯಾಗಿ ಬಂದಿತು. ಅದೇ ವರ್ಷದ ಹಾಲಿವುಡ್ ಚಿತ್ರ ಅಪಾರ ಖರ್ಚಿಗೆ ತಕ್ಕಷ್ಟು ಗಳಿಸಲಿಲ್ಲ. ಅಲ್ಲಿಂದ ಮುಂದೆ ಮೊಬೈಲಿನ ಸಣ್ಣಪುಟ್ಟ ಆಟಗಳನ್ನು ಬಿಟ್ಟರೆ ಸುಮಾರು 14 ವರ್ಷ ಮೌನ.

## ಮರುಹುಟ್ಟಿನ ಮಾತು

‘ಸ್ಯಾಂಡ್ಸ್ ಆಫ್ ಟೈಮ್’ ಅನ್ನು ಪುಣೆಯಲ್ಲಿ ಮತ್ತೆ ಮಾಡುತ್ತಿದ್ದರಲ್ಲ, ಅದು ಎಲ್ಲಿಗೆ ಬಂತು?

2020ರ ಸೆಪ್ಟೆಂಬರಿನಲ್ಲಿ ಆ ಸುದ್ದಿ ಬಂದಾಗ ನಮ್ಮಲ್ಲಿ ಹಬ್ಬದ ವಾತಾವರಣವಿತ್ತು. ನಾವು ರಾಯಚೂರಿನಲ್ಲಿ ಹತ್ತಿದ ರೈಲೇ ಹೋಗಿ ತಲುಪುವ ಪುಣೆ, ಮುಂಬೈ ಊರುಗಳ ಯುಬಿಸಾಫ್ಟ್ ಸ್ಟುಡಿಯೊಗಳಿಗೆ ಆ ಮರುನಿರ್ಮಾಣದ ಹೊಣೆ ಸಿಕ್ಕಿತ್ತು. ಭಾರತದ ಮಹಾರಾಜನ ಅರಮನೆಯಿಂದ ಶುರುವಾಗುವ ಕಥೆ ಭಾರತೀಯರ ಕೈಗೆ ಬಂದಿದೆ ಎಂದು ಹಳೆಯ ವಿದ್ಯಾರ್ಥಿಯೊಬ್ಬ ನನಗೆ ಬರೆದಿದ್ದ.

ಬಿಡುಗಡೆ 2021ರ ಜನವರಿಗೆ ಎಂದಿದ್ದರು. ಮೊದಲ ತುಣುಕನ್ನು ನೋಡಿದವರು ಮುಖಗಳೂ ಬೆಳಕೂ ಹಳೆಯ ಕಾಲದವೆಂದು ಕಟುವಾಗಿ ಟೀಕಿಸಿದರು. ದಿನಾಂಕ ಮಾರ್ಚಿಗೆ ಹೋಯಿತು, ಆಮೇಲೆ ದಿನಾಂಕವೇ ಇಲ್ಲವಾಯಿತು. 2022ರ ಮೇ ತಿಂಗಳಲ್ಲಿ ಕೆಲಸವನ್ನು ಮಾಂಟ್ರಿಯಲ್‌ಗೆ ವರ್ಗಾಯಿಸಿದರು. 2024ರಲ್ಲಿ, ಆಟ 2026ಕ್ಕೆ ಬರಲಿದೆ ಎಂದು ಮೇಣದಬತ್ತಿಯೊಂದನ್ನು ಮಾತ್ರ ತೋರಿಸುವ ಚಿಕ್ಕ ವಿಡಿಯೊದಲ್ಲಿ ಹೇಳಿದರು. 2026ರ ಜನವರಿಯಲ್ಲಿ ಸಂಸ್ಥೆ ತನ್ನ ಒಟ್ಟು ವ್ಯವಸ್ಥೆಯನ್ನು ಬದಲಿಸಿ ಆರು ಆಟಗಳನ್ನು ಕೈಬಿಟ್ಟಿತು, ಇದೂ ಅವುಗಳಲ್ಲಿ ಒಂದು.

ಪುಣೆಯವರನ್ನು ಹೀಯಾಳಿಸುವ ಮಾತುಗಳನ್ನು ನಾನು ಬಹಳ ಕೇಳಿದ್ದೇನೆ, ಅವನ್ನು ಒಪ್ಪುವುದಿಲ್ಲ. ಅವರಿಂದ ಕಿತ್ತುಕೊಂಡ ಕೆಲಸವನ್ನು ಮೂಲ ಆಟ ಮಾಡಿದ ಸ್ಟುಡಿಯೊವೇ ಮೂರೂವರೆ ವರ್ಷವಿಟ್ಟುಕೊಂಡೂ ಮುಗಿಸಲಾಗಲಿಲ್ಲ. ಅಂದಮೇಲೆ ಕಷ್ಟ ಇದ್ದದ್ದು ಕೆಲಸದಲ್ಲಿಯೇ. ಹಳೆಯ ಆಟದ ಪ್ರತಿ ಜಿಗಿತವೂ ಪ್ರತಿ ಕಂಬದ ಅಂತರವೂ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಮೇಲಿನ ಬಣ್ಣವನ್ನಷ್ಟೇ ಬದಲಿಸಿದರೆ ಜನ ಹಳತೆನ್ನುತ್ತಾರೆ, ಒಳಗನ್ನು ಬದಲಿಸಿದರೆ ಆಟವೇ ಬೇರೆಯಾಗುತ್ತದೆ.

‘ದಿ ಲಾಸ್ಟ್ ಕ್ರೌನ್’ ಅಷ್ಟು ಚೆನ್ನಾಗಿದ್ದರೆ ಅದರ ತಂಡವನ್ನು ಏಕೆ ಚದುರಿಸಿದರು?

2024ರ ಜನವರಿ 18ರಂದು ಬಂದ ಈ ಆಟವನ್ನು ಫ್ರಾನ್ಸಿನ ಯುಬಿಸಾಫ್ಟ್ ಮೊಂಪೆಲ್ಲಿಯೆ ಸ್ಟುಡಿಯೊ ನಿರ್ಮಿಸಿತು. ಸರಣಿ ಮತ್ತೆ ಪಕ್ಕದಿಂದ ನೋಡುವ ಸಮತಲ ಆಟವಾಯಿತು. ನಾಯಕ ಸರ್ಗೋನ್ ರಾಜಕುಮಾರನಲ್ಲ, ಅಪಹೃತನಾದ ರಾಜಕುಮಾರನನ್ನು ಹುಡುಕಿಕೊಂಡು ಕಾಫ್ ಪರ್ವತಕ್ಕೆ ಹೋಗುವ ಯೋಧ. ಸಿಮುರ್ಗ್ ಪಕ್ಷಿಯ ಗರಿಗಳಿಂದ ಅವನಿಗೆ ಕಾಲದ ಶಕ್ತಿಗಳು ದೊರಕುತ್ತವೆ. ಪಾತ್ರಗಳು ಪರ್ಷಿಯನ್ ಭಾಷೆಯಲ್ಲಿ ಮಾತನಾಡುವಂತೆ ಆರಿಸಿಕೊಳ್ಳಬಹುದು. ಸರಣಿ ಹುಟ್ಟಿ 34 ವರ್ಷಗಳಾದ ಮೇಲೆ ಅದರ ಕಿವಿಗೆ ಅದರದೇ ಭಾಷೆ ಬಿದ್ದದ್ದು ನನ್ನನ್ನು ಆಳವಾಗಿ ತಟ್ಟಿತು.

ದಾರಿಯಲ್ಲಿ ಕಂಡ ಅಡ್ಡಿಯ ಚಿತ್ರ ತೆಗೆದು ನಕ್ಷೆಗೇ ಅಂಟಿಸಿಡುವ ಸೌಲಭ್ಯ ಅದರ ಜಾಣತನದ ಒಂದು ಮಾದರಿ. ಎಲ್ಲ ಬಗೆಯ ಆಟಗಾರರಿಗೆ ನೆರವಾಗುವ ಇಂಥ ಏರ್ಪಾಡುಗಳಿಗಾಗಿ ಅದಕ್ಕೆ 2024ರ ಗೇಮ್ ಅವಾರ್ಡ್ಸ್‌ನಲ್ಲಿ ಪ್ರಶಸ್ತಿಯೂ ಬಂದಿತು. ಆದರೆ ಮಾರಾಟ ಸಂಸ್ಥೆಯ ನಿರೀಕ್ಷೆಯನ್ನು ಮುಟ್ಟಲಿಲ್ಲ. ಕಂಪ್ಯೂಟರ್ ಆಟಗಾರರು ಹೆಚ್ಚಾಗಿ ಕೊಳ್ಳುವ ಸ್ಟೀಮ್ ಮಳಿಗೆಗೆ ಅದು ಬಂದದ್ದೇ ಏಳು ತಿಂಗಳು ತಡವಾಗಿ, ಆಗಸ್ಟಿನಲ್ಲಿ. ಅಷ್ಟರೊಳಗೆ ಸುದ್ದಿಯ ಕಾವು ಆರಿತ್ತು. ಅದೇ ವರ್ಷದ ಅಕ್ಟೋಬರ್ ಹೊತ್ತಿಗೆ ತಂಡದವರನ್ನು ಬೇರೆ ಯೋಜನೆಗಳಿಗೆ ಹಂಚಿದ ಸಂಗತಿ ಹೊರಬಿತ್ತು. ಒಳ್ಳೆಯ ಬೆಳೆ ಬಂದ ವರ್ಷವೇ ಗದ್ದೆಯನ್ನು ಬೀಳುಬಿಟ್ಟಂತಾಯಿತು ಎಂಬ ನೋವು ನನಗೆ ಇನ್ನೂ ಇದೆ.

‘ದಿ ರೋಗ್ ಪ್ರಿನ್ಸ್’ ಎಂಬುದು ಬೇರೆಯೇ?

ಬೇರೆಯೇ. ಫ್ರಾನ್ಸಿನ ಬೋರ್ಡೊ ನಗರದ ಈವಿಲ್ ಎಂಪೈರ್ ಎಂಬ ಚಿಕ್ಕ ಸ್ಟುಡಿಯೊ ಮಾಡಿದ್ದು. 2024ರ ಮೇ ತಿಂಗಳಲ್ಲಿ ಅಪೂರ್ಣ ರೂಪದಲ್ಲಿ ಜನರ ಮುಂದಿಟ್ಟು, ಅವರ ಅಭಿಪ್ರಾಯ ಕೇಳುತ್ತ ತಿದ್ದಿ, 2025ರ ಆಗಸ್ಟಿನಲ್ಲಿ ಪೂರ್ಣಗೊಳಿಸಿದರು. ಸತ್ತಾಗಲೆಲ್ಲ ಕಥೆ ಹಿಂದಕ್ಕೆ ತಿರುಗುತ್ತದೆ, ದಾರಿ ಬದಲಾಗುತ್ತದೆ.

ಹಾಗಾದರೆ ಈ ಸರಣಿ ಮತ್ತೆ ಏಳುತ್ತದೆಯೇ? ನಿಮ್ಮ ಅಭಿಪ್ರಾಯ ಹೇಳಿ.

ನೂರಾರು ಜನ, ವರ್ಷಗಟ್ಟಲೆ ದುಡಿಮೆ, ಅಪಾರ ಹಣ ಬೇಡುವ ದೊಡ್ಡ ಆಟವಾಗಿ ಏಳುವುದು ಹತ್ತಿರದಲ್ಲಿ ಕಾಣಿಸುತ್ತಿಲ್ಲ. ಸಂಸ್ಥೆಯ ಗಮನ ಹೆಚ್ಚು ಗಳಿಸುವ ಸರಣಿಗಳ ಮೇಲಿದೆ. ಆದರೆ ಕಳೆದ ಕೆಲವು ವರ್ಷಗಳಲ್ಲಿ ನಡೆದದ್ದನ್ನು ಗಮನಿಸಿ. ದೊಡ್ಡದಾಗಿ ಕೈಹಾಕಿದ ಮರುನಿರ್ಮಾಣ ನಿಂತುಹೋಯಿತು, ಮಧ್ಯಮ ಗಾತ್ರದ ಒಂದು ಆಟ ಮತ್ತು ಚಿಕ್ಕ ತಂಡದ ಇನ್ನೊಂದು ಆಟ ಜನರ ಕೈಸೇರಿದವು. ಎರಡೂ ಪಕ್ಕದಿಂದ ನೋಡುವ ಆಟಗಳು, ಎರಡರಲ್ಲೂ ಜಿಗಿತಕ್ಕೆ ಬೆಲೆಯಿದೆ, ಎರಡರ ಹೃದಯದಲ್ಲೂ ಕಾಲವಿದೆ. ಸರಣಿ ತನ್ನ ಸಹಜ ಗಾತ್ರಕ್ಕೆ ಮರಳಿದಾಗ ಮಾತ್ರ ಉಸಿರಾಡುತ್ತದೆ ಎಂದು ನಾನು ಇದರಿಂದ ತಿಳಿಯುತ್ತೇನೆ. ಒಬ್ಬ ಯುವಕ ತಮ್ಮನನ್ನು ಓಡಿಸಿ ಮಾಡಿದ ಆಟಕ್ಕೆ ಅದೇ ಸಹಜ.

## ಇನ್ನೂ ಆಳಕ್ಕೆ ಹೋಗುವವರಿಗೆ

ನನ್ನ ಮಕ್ಕಳಿಗೆ ಹಳೆಯ ಆಟವನ್ನು ಈಗ ಹೇಗೆ ತೋರಿಸಲಿ?

ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಇಂದಿನ ಕಂಪ್ಯೂಟರಿನೊಳಗೆ ಹಳೆಯ ಡಾಸ್ ಯಂತ್ರವನ್ನು ಅನುಕರಿಸುತ್ತದೆ. ಅದಕ್ಕಿಂತ ಹಿತವಾದ ದಾರಿ ‘ಎಸ್‌ಡಿಎಲ್‌ಪಾಪ್’. ಅಭಿಮಾನಿಗಳು ಡಾಸ್ ಆವೃತ್ತಿಯ ಯಂತ್ರಭಾಷೆಯನ್ನು ಬಿಡಿಸಿ ಓದಿ, ಸಿ ಭಾಷೆಯಲ್ಲಿ ಮತ್ತೆ ಬರೆದಿರುವ ಮುಕ್ತ ಯೋಜನೆ ಇದು. ವಿಂಡೋಸ್, ಲಿನಕ್ಸ್ ಎರಡರಲ್ಲೂ ಓಡುತ್ತದೆ. ಆಟವನ್ನು ಯಾವ ಕ್ಷಣದಲ್ಲಾದರೂ ಉಳಿಸಿಡಬಹುದು. 90ರ ದಶಕದಲ್ಲಿ ಎಂಟನೆಯ ಹಂತದಲ್ಲಿರುವಾಗ ಕರೆಂಟ್ ಹೋಗಿ ಪರದೆ ಕಪ್ಪಾದದ್ದನ್ನು ಕಂಡ ನಮ್ಮಂಥವರಿಗೆ ಇದು ಸಣ್ಣ ಅನುಕೂಲವಲ್ಲ. 2003ರ ಆಟ ಸ್ಟೀಮ್ ಮತ್ತು ಗಾಗ್ ಮಳಿಗೆಗಳಲ್ಲಿ ದೊರೆಯುತ್ತದೆ, ಸಾಧಾರಣ ಲ್ಯಾಪ್‌ಟಾಪ್ ಸಾಕು.

ಮೂಲ ಕೋಡ್ ಕಳೆದುಹೋಗಿ ಮತ್ತೆ ಸಿಕ್ಕಿತಂತೆ, ಹೌದೇ?

ಹೌದು. ಆಪಲ್ 2 ಆವೃತ್ತಿಯ ಮೂಲ ಕೋಡನ್ನು ಮೆಕ್ನರ್ ವರ್ಷಗಟ್ಟಲೆ ಹುಡುಕಿ ಕೈಚೆಲ್ಲಿದ್ದರು. 2012ರಲ್ಲಿ ಅವರ ತಂದೆ ಮನೆಯಲ್ಲಿದ್ದ ಹಳೆಯ ಪೆಟ್ಟಿಗೆಯೊಂದನ್ನು ಕಳಿಸಿಕೊಟ್ಟಾಗ ಅದರಲ್ಲಿ ಮೂರೂವರೆ ಇಂಚಿನ ಫ್ಲಾಪಿಗಳು ಸಿಕ್ಕವು. ಫ್ಲಾಪಿಯ ಕಾಂತಲೇಪ ಕಾಲಕ್ರಮೇಣ ದುರ್ಬಲವಾಗುವುದರಿಂದ, ಮನೆಯಲ್ಲೇ ಓದಲು ಯತ್ನಿಸದೆ ಡಿಜಿಟಲ್ ಸಂರಕ್ಷಣೆಯಲ್ಲಿ ಪಳಗಿದ ಜೇಸನ್ ಸ್ಕಾಟ್ ಮತ್ತು ಟೋನಿ ಡಯಾಜ್ ಅವರ ನೆರವು ಪಡೆದರು. ಹೊರಬಂದ ಕೋಡನ್ನು 2012ರ ಏಪ್ರಿಲ್‌ನಲ್ಲಿ ಕೋಡ್ ಹಂಚಿಕೊಳ್ಳುವ ಜಾಲತಾಣ ಗಿಟ್‌ಹಬ್‌ನಲ್ಲಿ ಎಲ್ಲರ ಅಧ್ಯಯನಕ್ಕೆ ತೆರೆದಿಟ್ಟರು. 6502 ಎಂಬ ಸಂಸ್ಕಾರಕದ (ಪ್ರೊಸೆಸರ್) ಅಸೆಂಬ್ಲಿ ಭಾಷೆಯಲ್ಲಿರುವ ಅದನ್ನು ನಾನು ನನ್ನ ಹಿರಿಯ ವಿದ್ಯಾರ್ಥಿಗಳೊಂದಿಗೆ ಓದಿದ್ದೇನೆ. ಒಂದೊಂದು ಬೈಟನ್ನೂ ಲೆಕ್ಕವಿಟ್ಟು ಖರ್ಚು ಮಾಡಿದ ಮನೆವಾರ್ತೆ ಅಲ್ಲಿ ಕಾಣುತ್ತದೆ.

ನಮ್ಮ ರಾಯಚೂರು ಕೋಟೆಯನ್ನೋ ಮುದಗಲ್ ಕೋಟೆಯನ್ನೋ ಇಟ್ಟು ನಾವೇ ಇಂಥ ಆಟ ಮಾಡಬಹುದೇ?

ಮಾಡಬಹುದು, ಅದಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ. ಪುಣೆಯ ಒಂದು ಚಿಕ್ಕ ಸ್ಟುಡಿಯೊ ‘ರಾಜಿ’ ಎಂಬ ಆಟವನ್ನು 2020ರಲ್ಲಿ ಹೊರತಂದಿತು. ಅದರಲ್ಲಿ ನಮ್ಮ ಪುರಾಣಗಳೂ ರಾಜಸ್ಥಾನದ ಕೋಟೆಗಳೂ ಇವೆ, ಗೋಡೆಯ ಮೇಲಿನ ಓಟದಲ್ಲಿ ರಾಜಕುಮಾರನ ನೆನಪೂ ಇದೆ.

ಕಲಿಯಲು ಮೂಲ ಆಟದ ಹಂತಗಳನ್ನು ತಿದ್ದುವುದರಿಂದ ಆರಂಭಿಸಿ. ‘ಅಪೊಪ್ಲೆಕ್ಸಿ’ ಎಂಬ ಉಚಿತ ಸಾಧನ ಅದಕ್ಕೆಂದೇ ಇದೆ. ಒಂದು ಹಂತದಲ್ಲಿ ಗರಿಷ್ಠ 24 ಕೋಣೆಗಳು, ಪ್ರತಿ ಕೋಣೆಯಲ್ಲಿ ಅಡ್ಡಕ್ಕೆ 10, ಉದ್ದಕ್ಕೆ 3, ಅಂದರೆ 30 ಚೌಕಗಳು. ಒಂದೊಂದು ಚೌಕದಲ್ಲಿ ನೆಲ, ಗೋಡೆ, ಮುಳ್ಳು, ಕಳಚಿ ಬೀಳುವ ಹಲಗೆ, ಬಾಗಿಲು, ಬಾಗಿಲು ತೆರೆಯುವ ಒತ್ತುಫಲಕ ಇವುಗಳಲ್ಲಿ ಒಂದನ್ನು ಇಡಬೇಕು. ಲೆಕ್ಕದ ಚೌಕಳಿ ಪುಸ್ತಕದ ಹಾಳೆ ಮತ್ತು ಪೆನ್ಸಿಲ್ ಸಾಕು. ಮೊದಲು ಕಾಗದದ ಮೇಲೆ ಬರೆದು, ಬೆರಳನ್ನು ರಾಜಕುಮಾರನೆಂದುಕೊಂಡು ನಡೆಸಿ ನೋಡುವಂತೆ ನಾನು ಮಕ್ಕಳಿಗೆ ಹೇಳುತ್ತೇನೆ. ಓಡಿ ಜಿಗಿದರೆ ಎಷ್ಟು ಚೌಕ ದಾಟುತ್ತಾನೆ, ಎಷ್ಟು ಅಂತಸ್ತು ಬಿದ್ದರೆ ಬದುಕುತ್ತಾನೆ ಎಂಬುದು ಮನಸ್ಸಿಗೆ ಹತ್ತಿದ ಮೇಲೆಯೇ ಕಂಪ್ಯೂಟರ್ ಮುಟ್ಟಬೇಕು. ಕಳೆದ ಬೇಸಿಗೆಯ ತರಗತಿಯಲ್ಲಿ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಮುದಗಲ್ ಕೋಟೆಯ ಕಂದಕವನ್ನು ಕೆಳಗಿನ ಸಾಲಿನಲ್ಲಿಟ್ಟು, ಮೇಲಿನ ಎರಡು ಸಾಲುಗಳಲ್ಲಿ ಬುರುಜು ಕಟ್ಟಿ, 11 ಕೋಣೆಗಳನ್ನು ಮುಗಿಸಿದ್ದಾಳೆ. ಹನ್ನೆರಡನೆಯ ಕೋಣೆಯ ಬಾಗಿಲು ರಾಜಕುಮಾರ ತಲುಪುವ ಮೊದಲೇ ಮುಚ್ಚಿಕೊಳ್ಳುತ್ತಿದೆ. ಒತ್ತುಫಲಕವನ್ನು ಎರಡು ಚೌಕ ಮುಂದಕ್ಕೆ ಸರಿಸಿ ನೋಡುವುದು ಮುಂದಿನ ಭಾನುವಾರದ ಕೆಲಸ.